ಏಳು–ಸೊನ್ನೆ

ಕಳೆದ ಸೆಪ್ಟೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಜಿಲ್ಲಾ ಮಟ್ಟದ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಕಾಲೇಜು ಏಳು ಗೋಲಿನಿಂದ ಸೋತಿತು. ನಾವು ಒಂದೂ ಹಾಕಲಿಲ್ಲ. ನಮ್ಮ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ ಇದನ್ನು "ನಮ್ಮ ವಿದ್ಯಾರ್ಥಿಗಳು ಉತ್ತಮ ಪ್ರದರ್ಶನ ನೀಡಿದರು" ಎಂದು ಒಂದೇ ಸಾಲಿನಲ್ಲಿ ಮುಗಿಸಲಾಗಿದೆ. ಬರೆದವನು ನನ್ನ ಬೆಂಚಿನಲ್ಲೇ ಕೂರುವ ಗೆಳೆಯ. ನಮ್ಮ ಮಾನ ಉಳಿಸಬೇಕೆಂದು ಹಾಗೆ ಬರೆದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಲೆಕ್ಕ ಲೆಕ್ಕವೇ. ಏಳು–ಸೊನ್ನೆ.

ಜಿಲ್ಲಾ ಮಟ್ಟಕ್ಕೆ ನಾವು ಹೋದದ್ದೂ ಗೆದ್ದು ಹೋದದ್ದಲ್ಲ. ತಾಲ್ಲೂಕಿನಲ್ಲಿ ಬೇರೆ ಫುಟ್‌ಬಾಲ್ ಟೀಮೇ ಇರಲಿಲ್ಲ. ಕಬಡ್ಡಿಗೆ ಹತ್ತು ಟೀಮು, ವಾಲಿಬಾಲಿಗೆ ಹತ್ತು ಟೀಮು, ಕ್ರಿಕೆಟ್ಟಂತೂ ಕೇಳುವುದೇ ಬೇಡ. ನಮ್ಮ ಪಿ.ಟಿ. ಸರ್ ಮೊದಲ ದಿನವೇ ಹೇಳಿದ್ದರು: "ನಾಲ್ಕು ತಾಲ್ಲೂಕು ಜಾಲಾಡಿದರೂ ಹನ್ನೊಂದು ಜನ ಸಿಗಲ್ಲ ಕಣ್ರೋ." ನಾವು ನಿಜವಾಗಿಯೂ ನಾಲ್ಕು ತಾಲ್ಲೂಕಿನವರನ್ನೇ ಕೂಡಿಸಿದೆವು. ಗೋಲಿನಲ್ಲಿ ನಿಂತವನು ನಾಗಮಂಗಲದ ಕಡೆಯವನು. ಅವನು ವಾಲಿಬಾಲ್ ಆಟಗಾರ, ಬಂದ ಚೆಂಡನ್ನು ಹಿಡಿಯುವ ಬದಲು ಮೇಲಕ್ಕೆ ಎತ್ತಿ ಹೊಡೆಯುತ್ತಿದ್ದ. ಬ್ಯಾಕ್ ಆಡಿದವನು ಕೆ.ಆರ್. ಪೇಟೆಯವನು, ಕಬಡ್ಡಿಯಲ್ಲಿ ಹೆಸರು ಮಾಡಿದವನು. ಎದುರಾಳಿ ಓಡಿಬಂದರೆ ಅವನ ಕೈಗಳು ತಾವಾಗಿಯೇ ಕಾಲು ಹಿಡಿಯಲು ಹೋಗುತ್ತಿದ್ದವು. ಶ್ರೀರಂಗಪಟ್ಟಣದವರು ಐವರು, ಉಳಿದವರು ನಾವು ಪಾಂಡವಪುರದ ಬಸ್ಸಿನವರು. ನಾನು ಬಲಬದಿಯಲ್ಲಿ ಓಡುತ್ತಿದ್ದೆ. ಓಡುತ್ತಿದ್ದೆ ಅಷ್ಟೇ, ಚೆಂಡು ಬೇರೆ ಕಡೆ ಇರುತ್ತಿತ್ತು.

ಅಭ್ಯಾಸಕ್ಕೆ ನಮಗೆ ಮೈದಾನವಿರಲಿಲ್ಲ. ಕಾಲೇಜಿನ ಅಂಗಳದಲ್ಲಿ ಕಿಟಕಿಗಳಿವೆ, ಎರಡು ಗಾಜಿಗೆ ನಾವು ದುಡ್ಡು ಕಟ್ಟಿದ್ದೇವೆ. ಆಮೇಲೆ ನಾಲೆಯ ಪಕ್ಕದಲ್ಲಿ ಗೆಳೆಯನೊಬ್ಬನ ಮನೆಯವರ ಬೀಳು ಗದ್ದೆಯಲ್ಲಿ ಆಡಿದೆವು. ಒಣಗಿದ ಕೂಳೆ ಶೂ ಇಲ್ಲದವರ ಪಾದಕ್ಕೆ ಚುಚ್ಚುತ್ತಿತ್ತು. ಚೆಂಡು ನಾಲೆಗೆ ಬಿದ್ದರೆ ಅರ್ಧ ಕಿಲೋಮೀಟರು ಓಡಿ ಮುಂದಿನ ಸೇತುವೆ ಹತ್ತಿರ ಹಿಡಿಯಬೇಕಿತ್ತು. ನಮಗೆ ಓಟದ ತಾಕತ್ತು ಬಂದದ್ದು ಅದರಿಂದಲೇ ಎಂದು ಪಿ.ಟಿ. ಸರ್ ಈಗಲೂ ನಗುತ್ತಾರೆ.

ಸೋತು ಮನೆಗೆ ಬಂದ ರಾತ್ರಿ ನಾನು ಊಟ ಮಾಡಲಿಲ್ಲ. ನಮ್ಮ ದಾದಾ ಮಂಚದ ಮೇಲೆ ಕೂತಿದ್ದರು. ಎಷ್ಟು ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಹಮದ್ ಖಾನ್ ಆಡಿದ ಟೀಮು ಒಂದ್ಸಲ ಹತ್ತು ತಿಂದಿತ್ತು ಬೇಟಾ. ಹತ್ತು! ಆವತ್ತು ಇಂಡಿಯಾಕ್ಕೆ ಒಂದೇ ಒಂದು ಗೋಲು. ಹಾಕಿದ್ದು ಅವರೇ, ನಮ್ಮ ಬೆಂಗಳೂರಿನವರು" ಎಂದರು.

ಸಮಾಧಾನಕ್ಕೆ ಕಟ್ಟಿದ ಕತೆ ಎಂದುಕೊಂಡೆ. ದಾದಾಗೆ ಈಗ ಮರೆವು ಜಾಸ್ತಿ. ನನ್ನನ್ನು ಆಗಾಗ ನನ್ನ ಚಾಚಾನ ಹೆಸರಿನಿಂದ ಕರೆಯುತ್ತಾರೆ, ಮಗ್ರಿಬ್ ನಮಾಜ್ ಮುಗಿಸಿ ಬಂದ ಮೇಲೂ "ಆಜಾನ್ ಆಯ್ತಾ?" ಎಂದು ಕೇಳುತ್ತಾರೆ. ಆದರೆ ಮರುದಿನ ಹುಡುಕಿ ನೋಡಿದರೆ ಅದು ನಿಜ. 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೋಸ್ಲಾವಿಯಾ 10, ಭಾರತ 1. ಆ ಒಂದು ಗೋಲು ಹಾಕಿದವರು ಅಹಮದ್ ಖಾನ್.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು.

ದಾದಾ 1970ರ ದಶಕದಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಒಬ್ಬ ದರ್ಜಿಯ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಭಾನುವಾರ ಫುಟ್‌ಬಾಲ್ ನೋಡುವುದೊಂದೇ ಅವರ ಖರ್ಚು. ಅಂಗಡಿಯ ಮಾಲೀಕರು ಹಳೆಯ ಕಾಲದವರು, 'ಬೆಂಗಳೂರು ಮುಸ್ಲಿಮ್ಸ್' ಎಂಬ ಕ್ಲಬ್ಬಿನ ಕತೆಗಳನ್ನು ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳುತ್ತಿದ್ದರಂತೆ. ಆ ಕತೆಗಳನ್ನು ದಾದಾ ನಮಗೆ ಹೇಳಿದ್ದಾರೆ. ಅದರಲ್ಲಿ ಮುಖ್ಯವಾದದ್ದು ಇದು: 1937ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್ ಫೈನಲ್. ಒಂದು ಕಡೆ ಬೂಟು ಹಾಕಿದ ಗೋರಾ ಪಲ್ಟನ್ನು, ಇನ್ನೊಂದು ಕಡೆ ಬೆಂಗಳೂರಿನ ನಮ್ಮ ಹುಡುಗರು ಬರಿಗಾಲಲ್ಲಿ. ನಮ್ಮವರು ಗೆದ್ದರು. ಗೋರಾ ಕ್ಯಾಪ್ಟನ್ ಬಂದು ಕೈ ಕುಲುಕಿದ. ಇದನ್ನು ಹೇಳುವಾಗ ದಾದಾ ಎದ್ದು ನಿಂತು ಕೈ ಕುಲುಕಿ ತೋರಿಸುತ್ತಾರೆ. ನಾನು ಚಿಕ್ಕವನಿದ್ದಾಗ ಆ ಕೈ ನನ್ನದಾಗಿರುತ್ತಿತ್ತು.

ಈ ಸಲ ನಾನು ಕತೆಯನ್ನು ಹಾಗೇ ಬಿಡಲಿಲ್ಲ. ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಅದನ್ನು ವರ್ಷ ವರ್ಷವೂ ಬ್ರಿಟಿಷ್ ಸೇನೆಯ ಪಡೆಗಳೇ ಒಯ್ಯುತ್ತಿದ್ದವು. 46 ವರ್ಷಗಳ ನಂತರ, 1937ರಲ್ಲಿ, ಮೊದಲ ಸಲ ಒಂದು ಭಾರತೀಯ ಕ್ಲಬ್ಬು ಗೆದ್ದಿತು. ಅದು ಬೆಂಗಳೂರು ಮುಸ್ಲಿಮ್ಸ್. ಕಲ್ಕತ್ತೆಯ ದೊಡ್ಡ ದೊಡ್ಡ ಕ್ಲಬ್ಬುಗಳಿಗೂ ಅಲ್ಲಿಯವರೆಗೆ ಆಗದ ಕೆಲಸ. ಇಷ್ಟರಮಟ್ಟಿಗೆ ದಾದಾ ಹೇಳಿದ್ದು ಸರಿ. ಆದರೆ ಫೈನಲ್‌ನಲ್ಲಿ ಎದುರಿಗಿದ್ದದ್ದು ಗೋರಾ ಪಲ್ಟನ್ನಲ್ಲ, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್! ಅವರು ಆಗ ಕಲ್ಕತ್ತಾ ಲೀಗನ್ನು 1934ರಿಂದ ಬಿಡದೆ ಗೆಲ್ಲುತ್ತಿದ್ದ ಟೀಮು. ಬೆಂಗಳೂರಿನವರು ಅವರನ್ನು 1–0ಯಿಂದ ಸೋಲಿಸಿದರು. ಗೋರಾ ಪಲ್ಟನ್ನು ಬಂದದ್ದು ಮರುವರ್ಷ. 1938ರ ಫೈನಲ್‌ನಲ್ಲಿ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಡೆಯನ್ನು 3–2ರಿಂದ ಸೋಲಿಸಿ ಬೆಂಗಳೂರಿನವರು ಕಪ್ಪನ್ನು ಉಳಿಸಿಕೊಂಡರು. 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಫೈನಲ್‌ನಲ್ಲಿ ಸೇಡು ತೀರಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಸಲ ರೋವರ್ಸ್ ಕಪ್ ಗೆದ್ದಿತು.

ಅಂದರೆ ಅಂಗಡಿಯ ಮಾಲೀಕರೋ ನಮ್ಮ ದಾದಾನೋ ಎರಡು ವರ್ಷದ ಎರಡು ಫೈನಲ್‌ಗಳನ್ನು ಸೇರಿಸಿ ಒಂದು ಮಾಡಿದ್ದರು. ಇದನ್ನು ದಾದಾಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ.

ಹುಡುಕುತ್ತಾ ಹೋದಂತೆ ಇನ್ನೊಂದು ಪ್ರಶ್ನೆ ಬಂತು. ಬೆಂಗಳೂರಿನಲ್ಲಿ ಇಷ್ಟು ಫುಟ್‌ಬಾಲ್ ಇತ್ತು, ನಮ್ಮ ಕಡೆ ಯಾಕೆ ಇಲ್ಲ? ಇದಕ್ಕೆ ಸಿಕ್ಕ ಉತ್ತರ ನಗು ಬರಿಸುವಂಥದ್ದು: ಸೊಳ್ಳೆ. 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಮೇಲೆ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಇಲ್ಲಿನ ಜ್ವರ ಅವರಿಗೆ ತಡೆಯಲಾಗಲಿಲ್ಲ. ಸಿಪಾಯಿಗಳು ಜ್ವರದಿಂದ ಸಾಯತೊಡಗಿದ ಮೇಲೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ 'ದಂಡು' ಪ್ರದೇಶ ಹುಟ್ಟಿದ್ದು ಹಾಗೆ. ಮುಂದೆ ಅಲ್ಲಿನ ಸೋಲ್ಜರುಗಳು ಚೆಂಡು ಒದೆಯುವುದನ್ನು ನೋಡಿ ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನುಗಳ ಹುಡುಗರು ಆಟ ಕಲಿತರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಈಗ ಪೆಲೆಯ ಪ್ರತಿಮೆಯೇ ಇದೆ. ಕಾವೇರಿಯ ಸೊಳ್ಳೆಗಳು ಸ್ವಲ್ಪ ದಯೆ ತೋರಿಸಿದ್ದರೆ ಆ ಪ್ರತಿಮೆ ಗಂಜಾಮಿನಲ್ಲಿ ಇರುತ್ತಿತ್ತೇನೋ! ನಮ್ಮ ಇತಿಹಾಸದ ಮೇಡಂಗೆ ಇದನ್ನು ಹೇಳಿದೆ. "ಪರೀಕ್ಷೆಯಲ್ಲಿ ಹೀಗೆ ಬರೆಯಬೇಡಪ್ಪ" ಎಂದರು.

ನಮ್ಮ ಪಾಂಡವಪುರಕ್ಕೂ ಒಂದು ಪಾಲು ಸಿಕ್ಕಿತು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ನಮ್ಮೂರನ್ನು ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದರು. ದಾದಾ ಈಗಲೂ ಒಮ್ಮೊಮ್ಮೆ ಹಾಗೇ ಅನ್ನುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಆಡಿದ ಮೊದಲ ಪಂದ್ಯ ಅದೇ ಫ್ರಾನ್ಸ್ ಮೇಲೆ. ನಮ್ಮ ಹೆಚ್ಚಿನ ಆಟಗಾರರು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದವು, 1–2ರಿಂದ ಸೋತೆವು. ಆ ಒಂದು ಗೋಲು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಹಾಕಿದವರು ಮೈಸೂರು ಟೀಮಿನ ಸಾರಂಗಪಾಣಿ ರಾಮನ್. ಅಹಮದ್ ಖಾನ್ ಕೂಡ ಅವತ್ತು ಮೈದಾನದಲ್ಲಿದ್ದರು. ಮುಂದೆ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಅವರು, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ, ಈ ಐದು ಜನ ಮುಂಚೂಣಿ ಆಟಗಾರರನ್ನು ಬಂಗಾಳದವರು 'ಪಂಚ ಪಾಂಡವರು' ಎಂದು ಕರೆದರು. 1949, 1950, 1951, ಮೂರು ವರ್ಷವೂ ಐ.ಎಫ್.ಎ. ಶೀಲ್ಡ್ ಗೆದ್ದರು. ಕುಂತಿಬೆಟ್ಟದ ಕೆಳಗೆ ಹುಟ್ಟಿದ ನನಗೆ ಇದನ್ನು ಓದಿ ಎಷ್ಟು ಖುಷಿಯಾಯಿತೆಂದರೆ, ರಾತ್ರಿ ಹತ್ತು ಗಂಟೆಗೆ ಗೋಲಿಗೆ ಫೋನ್ ಮಾಡಿ ಹೇಳಿದೆ. ಅವನು "ಮಲಕ್ಕೋ ಹೋಗ್ಲಾ" ಎಂದ.

ದೊಡ್ಡ ಆಟಗಾರರ ಹೆಸರು ಸುಲಭವಾಗಿ ಸಿಗುತ್ತದೆ. ನಾನು ಹುಡುಕಿದ್ದು ಕ್ಲಬ್ಬನ್ನು. ಮೂರು ಸಲ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ಎಲ್ಲಿ ಅಭ್ಯಾಸ ಮಾಡುತ್ತಿತ್ತು, ಬೊಂಬಾಯಿಗೆ ಹೋಗಲು ರೈಲಿನ ಖರ್ಚು ಯಾರು ಕೊಟ್ಟರು, ಗೆದ್ದು ಬಂದ ದಿನ ಏನಾಯಿತು? ಇದನ್ನು ತಿಳಿಯಲು ನಾನು ಪುಸ್ತಕ ಹುಡುಕಿದೆ, ಮೊಬೈಲ್ ಹುಡುಕಿದೆ. ನನಗೆ ಸಿಕ್ಕಿದ್ದು ಇಸವಿ ಮತ್ತು ಗೋಲಿನ ಲೆಕ್ಕ. ಉಳಿದದ್ದೆಲ್ಲ ಶಿವಾಜಿನಗರದ ಆ ದರ್ಜಿಯಂಥವರ ಬಾಯಲ್ಲಿತ್ತು. ಅವರ ಬಾಯಿಂದ ದಾದಾರ ಕಿವಿಗೆ ಬಂತು. ಈಗ ದಾದಾರೇ ಮರೆಯುತ್ತಿದ್ದಾರೆ. ಕೊನೆಗೆ ರೋವರ್ಸ್ ಕಪ್ಪೂ ನಿಂತುಹೋಯಿತು.

ದಾದಾ ಕಣ್ಣಾರೆ ನೋಡಿದ ಕಾಲದ ಟೀಮು ಬೇರೆ, ಕಾರ್ಖಾನೆಗಳ ಟೀಮು. ಐ.ಟಿ.ಐ., ಎಚ್.ಎ.ಎಲ್. ಅಂಥವು. ಚೆನ್ನಾಗಿ ಆಡಿದರೆ ಕೆಲಸ ಸಿಗುತ್ತಿತ್ತು, ಕೆಲಸ ಇದ್ದರೆ ಮನೆಯವರು ಆಡಲು ಬಿಡುತ್ತಿದ್ದರು. ದೇಶದ ಮೊದಲ ಫೆಡರೇಷನ್ ಕಪ್ ನಡೆದದ್ದು 1977ರಲ್ಲಿ. ಅದನ್ನು ಗೆದ್ದದ್ದು ಮೋಹನ್ ಬಗಾನೂ ಅಲ್ಲ, ಈಸ್ಟ್ ಬೆಂಗಾಲೂ ಅಲ್ಲ. ಟೆಲಿಫೋನು ಮಾಡುವ ನಮ್ಮ ಐ.ಟಿ.ಐ., ಫೈನಲ್‌ನಲ್ಲಿ ಮೋಹನ್ ಬಗಾನನ್ನು 1–0ಯಿಂದ ಸೋಲಿಸಿ! ಆ ರಾತ್ರಿ ಅಂಗಡಿಯ ಎದುರಿನ ಹೋಟೆಲಿನವರು ಎಲ್ಲರಿಗೂ ಚಹಾ ಕೊಟ್ಟರೆಂದು ದಾದಾ ಹೇಳುತ್ತಾರೆ. ಆಮೇಲೆ ಟೆಲಿಫೋನು ಬದಲಾಯಿತು, ಕಾರ್ಖಾನೆ ಸೊರಗಿತು, ಟೀಮಿನ ಹೆಸರು ಕೇಳಿಸದಾಯಿತು. ಎಚ್.ಎ.ಎಲ್. ಟೀಮು 2010ರಲ್ಲಿ ಎರಡನೇ ಡಿವಿಷನ್ನಿನಿಂದ ಐ-ಲೀಗಿಗೆ ಏರಿತು, 2012ರಲ್ಲಿ ಇಳಿಯಿತು. ಮೊನ್ನೆ ಮೊನ್ನೆ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಹೋಯಿತು, ಮುಂದಿನ ವರ್ಷವೇ ಕೆಳಗೆ ಬಂತು. ನಮ್ಮ ಕ್ಲಾಸಿನಲ್ಲಿ ಸುನಿಲ್ ಛೆಟ್ರಿಯ ಬೆಂಗಳೂರು ಎಫ್.ಸಿ. ಗೊತ್ತಿಲ್ಲದವರಿಲ್ಲ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ಟೀಮು ಅದು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಎಂದು ಒಂದಿದೆ ಎಂದಾಗ ಒಬ್ಬನೂ ಕೇಳಿರಲಿಲ್ಲ. ಕೆಳಗಿನ ಡಿವಿಷನ್ನು ಅಂದರೆ ಇದೇ. ಗೆದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಮುಚ್ಚಿದರೂ ಗೊತ್ತಾಗುವುದಿಲ್ಲ.

ಎಲ್ಲ ಕಡೆಯೂ ಹೀಗೇನಾ ಎಂದು ನೋಡುವಾಗ ಅಮೆರಿಕದ ಒಂದು ಕ್ಲಬ್ಬು ಸಿಕ್ಕಿತು, ಡೆಟ್ರಾಯಿಟ್ ಸಿಟಿ ಎಫ್.ಸಿ. ಅಮೆರಿಕದಲ್ಲಿ ಫುಟ್‌ಬಾಲನ್ನು ಸಾಕರ್ ಅನ್ನುತ್ತಾರೆ, ನಮ್ಮ ಜಿಲ್ಲೆಯಂತೆ ಅಲ್ಲೂ ಅದಕ್ಕೆ ಮೊದಲ ಮಣೆ ಇಲ್ಲ. ಕಾರು ಕಾರ್ಖಾನೆಗಳು ಮುಚ್ಚಿ ಬಡವಾದ ಆ ಊರಿನಲ್ಲಿ 2012ರಲ್ಲಿ ಐದು ಜನ ಗೆಳೆಯರು ಈ ಕ್ಲಬ್ ಕಟ್ಟಿದರು. ಆಡಿದ್ದು ನಾಲ್ಕನೇ ದರ್ಜೆಯ ಲೀಗಿನಲ್ಲಿ, ಸಂಬಳವಿಲ್ಲದ ಆಟಗಾರರೊಂದಿಗೆ, ಒಂದು ಹೈಸ್ಕೂಲಿನ ಮೈದಾನದಲ್ಲಿ. ನೋಡಲು ಬರುವವರು ಹೆಚ್ಚಾದರು, ಜಾಗ ಸಾಲದಾಯಿತು. ಪಕ್ಕದ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಪಟ್ಟಣದಲ್ಲಿ 1936ರಲ್ಲಿ ಕಟ್ಟಿದ ಕೀವರ್ತ್ ಎಂಬ ಮೈದಾನವಿತ್ತು, ಅದೂ ಅಲ್ಲಿನ ಸರ್ಕಾರಿ ಶಾಲೆಗಳದೇ. ಯೆಮನ್ ಮತ್ತು ಬಾಂಗ್ಲಾದೇಶದಿಂದ ಹೋದವರು ತುಂಬ ಇರುವ ಊರದು. ಮೈದಾನದ ಮೆಟ್ಟಿಲುಗಳು ಬಿರುಕು ಬಿಟ್ಟಿದ್ದವು. ಕ್ಲಬ್ಬಿನವರು ಜನರಲ್ಲೇ ಸಾಲ ಕೇಳಿದರು. ಅಭಿಮಾನಿಗಳು ಏಳು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿಕೊಟ್ಟರು. 2016ರಲ್ಲಿ ಟೀಮು ಅಲ್ಲಿಗೆ ಬಂತು. 2020ರಲ್ಲಿ ಆಟಗಾರರಿಗೆ ಸಂಬಳ ಕೊಡುವ ಕ್ಲಬ್ಬಾಯಿತು, 2022ರಲ್ಲಿ ಎರಡನೇ ದರ್ಜೆಯ ಲೀಗಿಗೆ ಹೋಯಿತು. ಅದೇ ವರ್ಷ ಅಲ್ಲಿನ ಓಪನ್ ಕಪ್‌ನಲ್ಲಿ ಮೊದಲ ದರ್ಜೆಯ ಕೊಲಂಬಸ್ ಕ್ರೂ ಟೀಮನ್ನು 2–1ರಿಂದ ಸೋಲಿಸಿತು. ಇದೆಲ್ಲ ನನಗೆ ಮಂಡ್ಯ ಜಿಲ್ಲೆಯಲ್ಲಿ ಕೂತು ತಿಳಿಯಿತು, ಏಕೆಂದರೆ ಅವರು ಬರೆದಿಟ್ಟಿದ್ದಾರೆ. ಸೋತ ಪಂದ್ಯವನ್ನೂ, ಮಳೆಗೆ ನಿಂತ ಪಂದ್ಯವನ್ನೂ. 1937ರಲ್ಲಿ ದೇಶಕ್ಕೇ ಮೊದಲಿಗರಾದ ನಮ್ಮ ಬೆಂಗಳೂರಿನವರ ಬಗ್ಗೆ ಇದರ ಕಾಲುಭಾಗ ಬರೆದಿಟ್ಟಿದ್ದರೆ ಸಾಕಿತ್ತು. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಹೀಗೆ ಯೋಚಿಸುತ್ತಿದ್ದಾಗ ನಮ್ಮದೇ ಟೀಮು ನೆನಪಾಯಿತು. ನಮ್ಮಲ್ಲಿ ಒಂಬತ್ತು ಜನ ದ್ವಿತೀಯ ಪಿ.ಯು.ಸಿ.ಯವರು. ಮಾರ್ಚಿಗೆ ಹೋಗುತ್ತೇವೆ. ಪಿ.ಯು. ಕಾಲೇಜಿನ ಟೀಮಿಗೆ ಎರಡೇ ವರ್ಷದ ಆಯುಸ್ಸು. ಉಳಿಯುವವರು ಇಬ್ಬರು, ಅವರಲ್ಲಿ ಒಬ್ಬ ಆಗಲೇ ಕ್ರಿಕೆಟ್ಟಿಗೆ ಹೆಸರು ಕೊಟ್ಟಿದ್ದಾನೆ. ಏಳು ಗೋಲು ತಿಂದ ಟೀಮನ್ನು ಮುಂದುವರಿಸಿ ಎಂದು ಪ್ರಾಂಶುಪಾಲರನ್ನು ಕೇಳುವ ಧೈರ್ಯ ನಮಗಿರಲಿಲ್ಲ. ಆದರೂ ಪಿ.ಟಿ. ಸರ್ ಹತ್ತಿರ ಹೋಗಿ ಒಂದು ಕೇಳಿದೆ: ನಿಮ್ಮ ಬೀರುವಿನಲ್ಲಿ ಒಂದು ಪುಸ್ತಕ ಇಡಬಹುದಾ? "ಇಡು, ಅದಕ್ಕೇನು ದುಡ್ಡು ಕೊಡಬೇಕಾ?" ಎಂದರು.

ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಹನ್ನೊಂದು ಜನರ ಹೆಸರು, ಊರು, ಯಾವ ಜಾಗದಲ್ಲಿ ಆಡಿದರು, ಯಾರಿಗೆ ಶೂ ಇತ್ತು, ಯಾರು ಯಾರ ಶೂ ಹಾಕಿಕೊಂಡರು, ಎಲ್ಲ ಬರೆದೆ. ನಾಲೆಯಲ್ಲಿ ಹೋದ ಚೆಂಡುಗಳ ಲೆಕ್ಕವನ್ನೂ ಬರೆದೆ. ಮೂರು ಹೋಗಿವೆ, ಎರಡು ಸಿಕ್ಕಿವೆ. ಮಂಡ್ಯದ ಪಂದ್ಯಕ್ಕೆ ಎರಡು ಪುಟ ಹಿಡಿಯಿತು. ಮೊದಲ ಗೋಲು ನಾಲ್ಕನೇ ನಿಮಿಷಕ್ಕೆ. ಐದನೆಯದು ನನ್ನ ತಪ್ಪಿನಿಂದ: ನಾನು ಹಿಂದಕ್ಕೆ ಕೊಟ್ಟ ಚೆಂಡು ನೇರ ಅವರ ಕಾಲಿಗೆ ಹೋಯಿತು. ಇದನ್ನು ಬರೆಯದೆ ಬಿಡೋಣವೇ ಎಂದು ಒಮ್ಮೆ ಅನಿಸಿದ್ದು ನಿಜ. ನಮ್ಮ ಗೋಲಿ ಓದಿ, "ಏಳರಲ್ಲಿ ಮೂರು ನಾನು ಬಿಟ್ಟಿದ್ದು, ನಾಲ್ಕು ಬರ್ದಿದ್ದೀಯ, ತಿದ್ದು" ಎಂದು ಜಗಳ ತೆಗೆದ. ಇಬ್ಬರೂ ಕೂತು ಒಂದೊಂದೇ ಗೋಲು ನೆನಪು ಮಾಡಿಕೊಂಡು ತಿದ್ದಿದೆವು.

ಕಳೆದ ಜುಮಾ ದಿನ ಮಧ್ಯಾಹ್ನ ಆ ಪುಸ್ತಕವನ್ನು ಮನೆಗೆ ಒಯ್ದಿದ್ದೆ. ದಾದಾ ಅವತ್ತು ಚೆನ್ನಾಗಿದ್ದರು, ನನ್ನನ್ನು ನನ್ನ ಹೆಸರಿನಿಂದಲೇ ಕರೆದರು. ಧೈರ್ಯ ಮಾಡಿ ಹೇಳಿಬಿಟ್ಟೆ: "ದಾದಾ, 1937ರಲ್ಲಿ ಸೋತದ್ದು ಗೋರಾ ಪಲ್ಟನ್ನಲ್ಲ. ಕಲ್ಕತ್ತೆಯ ಮೊಹಮ್ಮಡನ್. ಪಲ್ಟನ್ನು ಬಂದದ್ದು 1938ಕ್ಕೆ, ಮೂರು–ಎರಡು." ಅವರ ಮುಖ ನೋಡಲು ಭಯವಾಗಿತ್ತು. ಅವರು ಗಡ್ಡ ಸವರಿಕೊಂಡು ತುಂಬ ಹೊತ್ತು ಯೋಚಿಸಿದರು.

"ಅಂದ್ರೆ ಎರಡು ಸಲ ಗೆದ್ರಾ?"

"ಮೂರು ಸಲ ದಾದಾ. 1948ರಲ್ಲೂ."

"ಮೂರು!" ಎಂದು ಎದ್ದು ನಿಂತರು. ನನ್ನ ಕೈ ಹಿಡಿದು ಕುಲುಕಿದರು. ಆಮೇಲೆ ಕೂತು, ನನ್ನ ತೊಡೆಯ ಮೇಲಿದ್ದ ಪುಸ್ತಕ ನೋಡಿ, "ನಿಮ್ಮದು ಎಷ್ಟಾಯ್ತು ಬೇಟಾ?" ಎಂದರು. ಸೆಪ್ಟೆಂಬರಿನ ರಾತ್ರಿ ಹೇಳಿದ್ದು ಅವರಿಗೆ ನೆನಪಿರಲಿಲ್ಲ.

"ಏಳು–ಸೊನ್ನೆ."

"ಯಾರಿಗೆ ಏಳು?"

"ಅವರಿಗೆ."

"ಹ್ಞೂಂ," ಎಂದು ತಲೆ ಆಡಿಸಿದರು. "ಬರ್ಕೊಂಡ್ಯಾ?"